ಬಲಕ್ಕೆ ಎಳೆದ ಗಾಡಿ

ನನ್ನದೊಂದು ಕೆಟ್ಟ ಚಾಳಿ. ಮುಚ್ಚಿದ್ದನ್ನು ಬಿಚ್ಚಿ ನೋಡದೆ ಇರಲಾರೆ. ಚಿಕ್ಕವಳಿದ್ದಾಗ ಮನೆಯ ಗೋಡೆ ಗಡಿಯಾರ ಬಿಚ್ಚಿ, ಮತ್ತೆ ಜೋಡಿಸುವಾಗ ಒಂದು ಹಲ್ಲಿನ ಚಕ್ರ ಕೈಯಲ್ಲೇ ಉಳಿದುಹೋಗಿ, ಅಪ್ಪನಿಂದ ಏಟು ತಿಂದಿದ್ದೆ. ಆ ಚಕ್ರವಿಲ್ಲದೆಯೂ ಗಡಿಯಾರ ಓಡಿತು, ಗಂಟೆ ಹೊಡೆಯುವುದನ್ನು ಮಾತ್ರ ಬಿಟ್ಟಿತು. ನಾನು ಸರಿಯಾಗಿಯೇ ಜೋಡಿಸಿದ್ದೆ ಎಂದು ಇವತ್ತಿಗೂ ವಾದ ಮಾಡಬಲ್ಲೆ.

ಮುಂದೆ ಈ ಚಾಳಿಯೇ ಅನ್ನಕ್ಕೆ ದಾರಿಯಾಯಿತು. ಗಂಡ ತೀರಿಕೊಂಡ ಮೇಲೆ ಅಣ್ಣ ನನ್ನನ್ನು ದೊಡ್ಡಬಳ್ಳಾಪುರಕ್ಕೆ ವಾಪಸು ಕರೆತಂದ. ಮನೆಯ ಹಿಂದಿನ ಶೆಡ್ಡಿನಲ್ಲಿ ಆರು ಪವರ್‌ಲೂಮ್ ಮಗ್ಗಗಳಿದ್ದವು. ನೇಯ್ದ ರೇಷ್ಮೆ ಸೀರೆಗಳನ್ನು ಬೆಂಗಳೂರಿನ ಅಂಗಡಿಗಳಿಗೆ ಮುಟ್ಟಿಸುವುದು ಅಣ್ಣನ ಕೆಲಸ, ಮಗ್ಗ ನಡೆಸುವುದು ನನ್ನ ಕೆಲಸ ಎಂದಾಯಿತು. ಮಗ್ಗ ನಿಂತರೆ ರಿಪೇರಿಯವನ ದಾರಿ ಕಾಯುತ್ತಿರಲಿಲ್ಲ. ಸೆರಗು ಸಿಕ್ಕಿಸಿ ನಾನೇ ಸ್ಪ್ಯಾನರ್ ಹಿಡಿಯುತ್ತಿದ್ದೆ. ಈಗ ಅರವತ್ತೆರಡು. ಆರು ಮಗ್ಗ ಎರಡಾಗಿವೆ, ಸ್ಪ್ಯಾನರ್ ಮಾತ್ರ ಕೈ ಬಿಟ್ಟಿಲ್ಲ.

ಇಷ್ಟು ವರ್ಷದಲ್ಲಿ ನಾನು ಬಿಚ್ಚದೆ ಉಳಿದಿದ್ದ ಯಂತ್ರ ಒಂದೇ, ಅಣ್ಣನ ಕಾರು. ಕೆನೆ ಬಣ್ಣದ ಹಳೆಯ ಅಂಬಾಸಿಡರ್, ನನ್ನ ಮದುವೆಗೂ ಮುಂಚಿನದು. ಸೀರೆ ಗಂಟುಗಳು ಅದರಲ್ಲೇ ಹೋಗುತ್ತಿದ್ದವು. ನನ್ನನ್ನು ಗಂಡನ ಮನೆಗೆ ಬಿಟ್ಟು ಬಂದದ್ದೂ ಅದರಲ್ಲೇ, ಕರೆತಂದದ್ದೂ ಅದರಲ್ಲೇ. ಅಣ್ಣ ಅದಕ್ಕೆ ಯಾರ ಕೈಯನ್ನೂ ತಾಗಗೊಡುತ್ತಿರಲಿಲ್ಲ. ತನಗೆ ಎಪ್ಪತ್ತಮೂರು ತುಂಬಿದರೂ ಕಾರಿನ ಮೈಮೇಲೆ ಒಂದು ಗೀರು ಬಿದ್ದದ್ದಿಲ್ಲ ಎಂಬುದು ಅವನ ಹೆಚ್ಚುಗಾರಿಕೆ. ಬೀದಿಯವರಿಗೆ ಅದನ್ನು ಕೇಳಿ ಕೇಳಿ ಸಾಕಾಗಿತ್ತು.

ಅಂಥ ಕಾರು ಹೋದ ಕಾರ್ತಿಕಕ್ಕೂ ಹಿಂದಿನ ಕಾರ್ತಿಕ ಮಾಸದಲ್ಲಿ ಒಂದು ಬೆಳಿಗ್ಗೆ ನಮ್ಮದೇ ಗೇಟಿನ ಕಲ್ಲುಕಂಬಕ್ಕೆ ಹೋಗಿ ಗುದ್ದಿತು.

ದೊಡ್ಡ ರಸ್ತೆಯಿಂದ ನಮ್ಮ ಮನೆಗೆ ಬರುವ ಬೀದಿ ಇಳಿಜಾರು. ಗೇಟಿನ ಎರಡು ಬದಿಗೂ ಆಳೆತ್ತರದ ಕಲ್ಲುಕಂಬಗಳು. ಅಣ್ಣ ನೆಲಮಂಗಲಕ್ಕೆ ಹೋಗಿ ವಾಪಸು ಬರುತ್ತಿದ್ದ. ಕಾರು ಇಳಿಜಾರಿನಲ್ಲಿ ಬಂದದ್ದು ಬಂದ ಹಾಗೇ ಬಲಗಡೆಗೆ ತಿರುಗಿ ಕಂಬವನ್ನು ಓರೆ ಮಾಡಿ ನಿಂತಿತು. ಅಣ್ಣನಿಗೆ ಏನೂ ಆಗಲಿಲ್ಲ. ಆದರೆ ಎದುರುಮನೆಯ ಪುಟ್ಟ ಹುಡುಗಿ ಎರಡು ನಿಮಿಷ ಮುಂಚೆ ಅದೇ ಕಂಬದ ಬುಡದಲ್ಲಿ ಕೂತು ಬೆಕ್ಕಿಗೆ ಹಾಲು ಹಾಕುತ್ತಿದ್ದಳು. ಹಾಲಿನ ತಟ್ಟೆ ಚಕ್ರದ ಕೆಳಗೆ ಸಿಕ್ಕಿ ಚಪ್ಪಟೆಯಾಗಿತ್ತು.

ಬೀದಿಯವರೆಲ್ಲ ಸೇರಿದರು. ಅಣ್ಣ ಕಾರಿನಿಂದ ಇಳಿದು ಕಂಬವನ್ನೂ ಚಕ್ರವನ್ನೂ ಮತ್ತೆ ಮತ್ತೆ ನೋಡುತ್ತಿದ್ದ.

"ಕಾಲು ಬ್ರೇಕ್ ಮೇಲೇ ಇತ್ತು ಕಣಮ್ಮ. ಗಾಡಿ ಬಲಕ್ಕೆ ಎಳೀತು," ಎಂದ ನನಗೆ.

"ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ," ಎಂದೆ ನಾನು.

ಕೆಲವರು ನಕ್ಕರು. ಭಯ ಕೋಪವಾಗಿ ಬಾಯಿಂದ ಬಂದಿತ್ತು, ಆದರೆ ನಕ್ಕವರಿಗೆ ಅದೆಲ್ಲ ಯಾಕೆ ಬೇಕು? ನಾನು ಅಣ್ಣನ ಮುಂದೆ ಕೈ ಚಾಚಿದೆ. ಅವನು ಕೀಲಿ ಕೊಟ್ಟ. ಅದನ್ನು ಮಗ್ಗದ ಶೆಡ್ಡಿನ ಬೀಗದ ಕೈಗಳ ಜೊತೆ ಪೋಣಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಅವತ್ತು ಯಾರೂ ಬ್ರೇಕು ನೋಡಲಿಲ್ಲ, ಚಕ್ರ ನೋಡಲಿಲ್ಲ. ಎಲ್ಲರೂ ಅಣ್ಣನ ವಯಸ್ಸು ನೋಡಿದೆವು. ಬಿಚ್ಚಿ ನೋಡುವ ಚಾಳಿಯವಳು ನಾನೂ ಅವತ್ತು ಬಿಚ್ಚಿ ನೋಡಲಿಲ್ಲ.

ಆಮೇಲೆ ಕಾರು ಹದಿನಾಲ್ಕು ತಿಂಗಳು ಹೊಂಗೆಮರದ ಕೆಳಗೆ ಟಾರ್ಪಾಲು ಹೊದ್ದು ನಿಂತಿತು. ಅಣ್ಣ ಬಸ್ಸಿನಲ್ಲಿ ಓಡಾಡಿದ. ದಿನ ಕಳೆದಂತೆ ಅದೂ ಕಡಿಮೆಯಾಯಿತು. ಅವನಲ್ಲಿ ಹೊಸದಾಗಿ ಒಂದು ಅಭ್ಯಾಸ ಕಂಡಿತು. ಬೆಳಿಗ್ಗೆ ಎದ್ದು ಜಗುಲಿಯ ಕುರ್ಚಿಯಲ್ಲಿ ಕೂತು, ಬಲಗಾಲನ್ನು ಎದುರಿನ ಮರದ ಕಂಬಕ್ಕೆ ಕೊಟ್ಟು ಒತ್ತಿ ಹಿಡಿಯುತ್ತಿದ್ದ, ಬಿಡುತ್ತಿದ್ದ, ಮತ್ತೆ ಒತ್ತುತ್ತಿದ್ದ. ಮಂಡಿನೋವಿಗೆ ಯಾರೋ ಹೇಳಿಕೊಟ್ಟ ವ್ಯಾಯಾಮ ಇರಬೇಕು ಎಂದುಕೊಂಡೆ. ಕೇಳಲಿಲ್ಲ. ನಾನು ಕೇಳದೆ ಬಿಟ್ಟ ವಿಷಯಗಳು ಬದುಕಿನಲ್ಲಿ ಬಹಳ ಕಡಿಮೆ, ಅದರಲ್ಲಿ ಇದೊಂದು.

ಹೋದ ಸಂಕ್ರಾಂತಿಗೆ ಹತ್ತು ದಿನ ಇರುವಾಗ ದೇವನಹಳ್ಳಿಯ ಒಂದು ಹೋಟೆಲಿನವರು ಕಾರು ಕೇಳಿಕೊಂಡು ಬಂದರು. ವಿಮಾನದಿಂದ ಇಳಿದವರು ಹಳೆಯ ಕಾರಿನ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಾರಂತೆ. ಅದಕ್ಕೆ ಹೋಟೆಲಿನ ಮುಂದೆ ಒಂದು ಕಟ್ಟೆ ಕಟ್ಟಿ, ಅದರ ಮೇಲೆ ಇಡುತ್ತಾರಂತೆ. ಅಣ್ಣ ಒಂದೇ ಮಾತಿಗೆ ಒಪ್ಪಿಕೊಂಡ. ನನಗೆ ಆಶ್ಚರ್ಯವಾಯಿತು. ಅತ್ತಿಗೆ ಅಡುಗೆಮನೆಯಿಂದ ಇಣುಕಿ ನೋಡಿ ಒಳಗೆ ಹೋದರು.

"ಒಂದು ವಾರ ಟೈಮ್ ಕೊಡಿ. ಬ್ರೇಕ್ ಮಾಡಿಸಿ ಕೊಡ್ತೀನಿ," ಎಂದ ಅಣ್ಣ.

"ಬ್ರೇಕ್ ಯಾಕೆ ಸಾರ್? ಅದು ಓಡಲ್ಲ, ನಿಂತಿರುತ್ತೆ ಅಷ್ಟೆ," ಎಂದು ಹೋಟೆಲಿನ ಯುವಕ ನಕ್ಕ.

"ಬ್ರೇಕ್ ಇಲ್ದೆ ಇರೋ ಗಾಡಿ ಕೊಟ್ಟ ಅನ್ನೋ ಮಾತು ನಂಗೆ ಬೇಡಪ್ಪ," ಎಂದು ಅಣ್ಣ ಎದ್ದುಹೋದ.

ಹೀಗೆ ಕೊನೆಗೂ ಆ ಕಾರನ್ನು ಬಿಚ್ಚುವ ಯೋಗ ನನಗೆ ಬಂತು. ಅಣ್ಣನ ಹಳೆಯ ಸ್ನೇಹಿತರೊಬ್ಬರಿದ್ದಾರೆ, ಸಾಸಲು ಕಡೆಯವರು. ಬಸ್ ಡಿಪೋದಲ್ಲಿ ಮೂವತ್ತು ವರ್ಷ ಬ್ರೇಕಿನ ಕೆಲಸವನ್ನೇ ಮಾಡಿ ನಿವೃತ್ತರಾಗಿ, ಈಗ ಅರ್ಧ ಎಕರೆಯಲ್ಲಿ ಸೇವಂತಿಗೆ ಬೆಳೆಯುತ್ತಾರೆ. ಎಲ್ಲರೂ ಅವರನ್ನು ಮೇಸ್ತ್ರಿ ಎನ್ನುತ್ತಾರೆ. ಬೆಂಗಳೂರಿನಲ್ಲಿ ಹೊಸ ಲೈನಿಂಗ್ ಹೊಡೆಸಿದ ಬ್ರೇಕ್ ಶೂಗಳನ್ನು ನ್ಯೂಸ್‌ಪೇಪರಿನಲ್ಲಿ ಸುತ್ತಿಕೊಂಡು ಬಂದರು. ಆದರೆ ಅವರಿಗೆ ಬೆನ್ನುನೋವು, ಬಗ್ಗಿ ಕೂರಲಾಗದು. ಕೈ ಯಾರದು ಎಂಬ ಪ್ರಶ್ನೆ ಬಂದಾಗ ನಾನು ಆಗಲೇ ಸೆರಗು ಸಿಕ್ಕಿಸಿಯಾಗಿತ್ತು. ಅದಕ್ಕೆ ಮುಂಚೆ ಎರಡು ದಿನದಿಂದ ಫೋನಿನಲ್ಲಿ ಯಾವನೋ ವಿದೇಶದವನು ಇಂಥದ್ದೇ ಕಾರಿನ ಬ್ರೇಕ್ ಬಿಚ್ಚುವುದನ್ನು ನೋಡುತ್ತಿದ್ದೆ. ಅವನ ಮಾತು ಅರ್ಥವಾಗಲಿಲ್ಲ, ಕೈ ಅರ್ಥವಾಯಿತು.

ಮೇಸ್ತ್ರಿ ಸ್ಟೂಲಿನ ಮೇಲೆ ಕೂತು ಹೇಳುವುದು, ನಾನು ಮಾಡುವುದು. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟೆ. ಚಕ್ರ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಸಡಿಲ ಮಾಡಬೇಕು, ಎತ್ತಿದ ಮೇಲೆ ಮಾಡಹೋದರೆ ಚಕ್ರವೇ ತಿರುಗುತ್ತದೆ. ಒಂದು ನಟ್ಟು ಬರಲೇ ಇಲ್ಲ. ಸ್ಪ್ಯಾನರ್ ಮೇಲೆ ಹತ್ತಿ ನಿಂತೆ, ಆಗ ಕಿರ್ ಎಂದಿತು.

"ಸೇರಿಸೋವಾಗ ಇಷ್ಟೇ ಜೋರಾಗಿ ಬಿಗೀರಿ ಅಕ್ಕ," ಎಂದರು ಮೇಸ್ತ್ರಿ. "ನಮ್ಮ ಡಿಪೋಲಿ ಒಂದು ರೂಢಿ ಇತ್ತು. ಬ್ರೇಕ್ ಕಟ್ಟಿದೋನು ಗೇಟ್ ಹತ್ರ ಹೋಗಿ ನಿಂತ್ಕೋಬೇಕು. ಡ್ರೈವರ್ ಅವನ ಕಡೇಗೇ ಬಸ್ ಬಿಡ್ಬೇಕು. ಆಫೀಸ್‌ನೋರು ಹೇಳಿದ್ದಲ್ಲ, ನಾವೇ ಮಾಡ್ಕೊಂಡಿದ್ದು."

"ಯಾರಿಗಾದ್ರೂ ಹೊಡೀತಾ?"

"ಒಬ್ಬರಿಗೂ ಇಲ್ಲ. ಅದಕ್ಕೇ ಯಾರೂ ನಟ್ ಸಡಿಲ ಬಿಡ್ತಿರ್ಲಿಲ್ಲ."

ಮೊದಲು ಬಲಗಡೆಯ ಮುಂದಿನ ಚಕ್ರ. ಚಕ್ರ ತೆಗೆದರೆ ಒಳಗೆ ಬ್ರೇಕ್ ಡ್ರಮ್, ಕಬ್ಬಿಣದ ಪಾತ್ರೆಯೊಂದನ್ನು ಬೋರಲು ಹಾಕಿದ ಹಾಗೆ. ಎರಡು ತಿರುಪು ಬಿಚ್ಚಿ, ಮರದ ಸುತ್ತಿಗೆಯಲ್ಲಿ ಸುತ್ತ ತಟ್ಟುತ್ತಾ ಹೋದೆ. ಡ್ರಮ್ಮು ಕೈಗೆ ಬಂತು. ಒಳಗಿನದನ್ನು ಬಗ್ಗಿ ನೋಡಿದೆ. ಬಳೆಯೊಂದನ್ನು ಎರಡು ತುಂಡು ಮಾಡಿ ಎದುರು ಬದುರು ಇಟ್ಟ ಹಾಗೆ ಎರಡು ಕಬ್ಬಿಣದ ಕಮಾನುಗಳು, ಶೂ ಎನ್ನುವುದು ಇವಕ್ಕೇ. ಅವುಗಳ ಬೆನ್ನಿಗೆ ಚಪ್ಪಲಿಗೆ ಅಟ್ಟೆ ಹೊಡೆದಂತೆ ಲೈನಿಂಗ್. ನಡುವೆ ಬಿಗಿದ ಸ್ಪ್ರಿಂಗುಗಳು. ಪೆಡಲ್ ಒತ್ತಿದರೆ ಬ್ರೇಕ್ ಆಯಿಲ್ ಕೊಳವೆಯಲ್ಲಿ ಬಂದು ಈ ಕಮಾನುಗಳನ್ನು ಹೊರಕ್ಕೆ ತಳ್ಳುತ್ತದೆ, ಅವು ತಿರುಗುವ ಡ್ರಮ್ಮನ್ನು ಒಳಗಿನಿಂದ ಅಪ್ಪಿ ಹಿಡಿಯುತ್ತವೆ. ನಾನು ಇಷ್ಟು ವರ್ಷ ಬ್ರೇಕು ಎಂದರೆ ಚಕ್ರವನ್ನು ಹೊರಗಿನಿಂದ ಹಿಡಿಯುವ ಏನೋ ಒಂದು ಎಂದುಕೊಂಡಿದ್ದೆ, ಸೈಕಲ್ಲಿನಲ್ಲಿ ಇರುವ ಹಾಗೆ. ಒಳಗಿನಿಂದ ಹಿಡಿಯುತ್ತದೆ ಎಂದು ಯಾರೂ ನನಗೆ ಹೇಳಿರಲಿಲ್ಲ.

ಧೂಳನ್ನು ಊದಲು ಬಾಯಿ ಹತ್ತಿರ ಒಯ್ದೆ.

"ಊದ್ಬೇಡಿ ಅಕ್ಕ. ಹಳೇ ಲೈನಿಂಗ್ ಧೂಳು ಎದೇಲಿ ಕೂತ್ರೆ ಏಳಲ್ಲ. ಒದ್ದೆ ಬಟ್ಟೇಲಿ ಒರೆಸಿ," ಎಂದು ಮೇಸ್ತ್ರಿ ಗದರಿದರು.

ಒರೆಸಿದೆ. ಸ್ಪ್ರಿಂಗು ಯಾವ ತೂತಿನಲ್ಲಿತ್ತು ಎಂದು ಫೋಟೋ ತೆಗೆದುಕೊಂಡೆ. ಇಕ್ಕಳದಲ್ಲಿ ಸ್ಪ್ರಿಂಗು ಎಳೆದು, ಹಳೆಯ ಶೂ ಬಿಡಿಸಿ, ಹೊಸದನ್ನು ಕೂರಿಸಿದೆ. ಒಮ್ಮೆ ಸ್ಪ್ರಿಂಗು ಚಿಮ್ಮಿ ಸೇವಂತಿಗೆ ಕುಂಡದಲ್ಲಿ ಹೋಗಿ ಬಿತ್ತು. ಜಗುಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಅತ್ತಿಗೆ ಅದನ್ನು ಹುಡುಕಿ ಕೊಟ್ಟರು. ಅಣ್ಣ ಅದೇ ಜಗುಲಿಯಲ್ಲಿ ನಮ್ಮ ಕಡೆ ಬೆನ್ನು ಹಾಕಿ ಪೇಪರು ಓದುತ್ತಿದ್ದ. ಅಷ್ಟು ಹೊತ್ತಾದರೂ ಹಾಳೆ ಮಗುಚಿರಲಿಲ್ಲ.

ಆಮೇಲೆ ಎಡಗಡೆಯ ಚಕ್ರ. ಡ್ರಮ್ಮು ತೆಗೆದೊಡನೆ ನನಗೆ ವ್ಯತ್ಯಾಸ ಕಂಡಿತು. ಬಲಗಡೆಯ ಲೈನಿಂಗ್ ಬೂದು ಬಣ್ಣಕ್ಕೆ ಒಣಗಿತ್ತು. ಇದು ಕರ್ರಗೆ ಮಿರಮಿರ ಮಿಂಚುತ್ತಿತ್ತು. ಬೆರಳಿಟ್ಟರೆ ಜಾರಿತು. ಒಂದೇ ಕಾರು, ಒಂದೇ ದಿನ ಕಟ್ಟಿದ ಶೂಗಳು. ಒಂದು ಒಣಗಿದೆ, ಇನ್ನೊಂದು ಎಣ್ಣೆ ಕುಡಿದಿದೆ. ಯಾಕೆ?

"ಇದು ಹಿಡಿಯೋದುಂಟಾ?" ಎಂದರು ಮೇಸ್ತ್ರಿ, ಸ್ಟೂಲಿನಿಂದ ಬಗ್ಗಿ ನೋಡಿ. "ಬಲಗಡೇದು ಹಿಡಿಯುತ್ತೆ, ಎಡಗಡೇದು ಹಿಡಿಯಲ್ಲ. ಆಗ ಗಾಡಿ ಎತ್ಲಾಗೆ ಹೋಗುತ್ತೆ ಹೇಳಿ ನೋಡಣ."

"ಬಲಕ್ಕೆ," ಎಂದೆ.

ಹೇಳಿದ ಮೇಲೆ ಆ ಮಾತು ನನಗೇ ಕೇಳಿಸಿತು. ಬಲಕ್ಕೆ ಎಳೀತು ಎಂದು ಅಣ್ಣ ಅವತ್ತು ಹೇಳಿದ್ದು ನಿಜ. ಅವನ ಕಾಲು ಬ್ರೇಕಿನ ಮೇಲೇ ಇತ್ತು. ನನಗಾದ ಸಂತೋಷವನ್ನು ಹೇಗೆ ಹೇಳಲಿ? ಎದ್ದು ಓಡಿಹೋಗಿ, ನಿನ್ನ ತಪ್ಪಲ್ಲ ಅಣ್ಣಾ, ಯಾವುದೋ ಪೈಪು ಸೋರಿತ್ತು ಎಂದು ಇಡೀ ಬೀದಿಗೆ ಕೇಳುವಂತೆ ಹೇಳಬೇಕು ಎನಿಸಿತು. ಎದ್ದೂ ಬಿಟ್ಟಿದ್ದೆ.

"ತಡೀರಿ ಅಕ್ಕ. ಎಲ್ಲಿಂದ ಸೋರ್ತು ಅಂತ ನೋಡಣ. ಅದನ್ನ ಬಿಟ್ಟು ಹೊಸ ಶೂ ಹಾಕಿದ್ರೆ ಅದೂ ನೆನೆಯುತ್ತೆ," ಎಂದರು.

ಸರಿ, ಕೂತೆ. ಶೂಗಳನ್ನು ಹೊರಕ್ಕೆ ತಳ್ಳುವ ಎರಡು ಸಣ್ಣ ಸಿಲಿಂಡರ್‌ಗಳಿದ್ದವು, ಅವುಗಳ ಬಾಯಿಗೆ ರಬ್ಬರ್ ಟೋಪಿ. ಬ್ರೇಕ್ ಆಯಿಲ್ ಸೋರಿದ್ದರೆ ಅಲ್ಲಿಂದಲೇ ಸೋರಬೇಕು. ಮೇಸ್ತ್ರಿ ಹೇಳಿದಂತೆ ರಬ್ಬರಿನ ಅಂಚನ್ನು ಉಗುರಿನಲ್ಲಿ ಎತ್ತಿದೆ. ಒಳಗೆ ಒಣಗಿತ್ತು. ಎರಡನೆಯದೂ ಒಣಗಿತ್ತು. ಹಾಗಾದರೆ ಬೇರಿಂಗಿನ ಗ್ರೀಸು ಕರಗಿ ಬಂದಿರಬಹುದೇ? ಗ್ರೀಸು ಇದ್ದ ಜಾಗದಲ್ಲೇ ಹಳದಿಯಾಗಿ ಗಟ್ಟಿಯಾಗಿ ಕೂತಿತ್ತು. ನನಗೆ ಉತ್ಸಾಹ ಏರಿತು. ಆ ಎಣ್ಣೆ ಆಕಾಶದಿಂದ ಬಿದ್ದಿರಲಾರದಲ್ಲ.

"ಒಂದು ಲೋಟ ನೀರು ತನ್ನಿ," ಎಂದರು ಮೇಸ್ತ್ರಿ. "ಬ್ರೇಕ್ ಆಯಿಲ್ ಆದ್ರೆ ನೀರಲ್ಲಿ ಬೆರೆತು ಹೋಗುತ್ತೆ. ಬೇರೆ ಎಣ್ಣೆ ಆದ್ರೆ ತೇಲುತ್ತೆ."

ಗಾಜಿನ ಲೋಟದಲ್ಲಿ ನೀರು ತಂದೆ. ಹಳೆಯ ಲೈನಿಂಗಿನ ಅಂಚನ್ನು ಒತ್ತಿದರೆ ಒಂದು ತೊಟ್ಟು ಬಂತು. ಅದನ್ನು ಕಡ್ಡಿಯ ತುದಿಯಲ್ಲಿ ನೀರಿಗೆ ಬಿಟ್ಟೆ. ಮೇಸ್ತ್ರಿ, ನಾನು, ಇಬ್ಬರೂ ಲೋಟದ ಮೇಲೆ ಬಗ್ಗಿದೆವು. ತೊಟ್ಟು ಮುಳುಗಲಿಲ್ಲ, ಬೆರೆಯಲಿಲ್ಲ. ಅಗಲವಾಗಿ ಹರಡಿ, ಬಿಸಿಲಿಗೆ ಬಣ್ಣ ಬಣ್ಣವಾಗಿ ತೇಲಿತು.

ಆ ಬಣ್ಣವನ್ನು ನಾನು ಬೇಕಾದಷ್ಟು ಸಲ ನೋಡಿದ್ದೆ. ಮಗ್ಗದ ಶೆಡ್ಡಿನಲ್ಲಿ ಕೈ ತೊಳೆಯುವ ತೊಟ್ಟಿಯಲ್ಲಿ ದಿನಾ ಸಂಜೆ ಇದೇ ತೇಲುತ್ತಿತ್ತು. ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿದೆ. ತೆಳ್ಳಗೆ, ಅಂಟಿಲ್ಲದೆ. ಅದು ಮಗ್ಗದ ಎಣ್ಣೆ. ಅದು ಕಾರಿನ ಚಕ್ರದೊಳಗೆ ಹೇಗೆ ಹೋಯಿತು ಎಂದು ಕೇಳಲು ಬಾಯಿ ತೆರೆದವಳು ಹಾಗೇ ಮುಚ್ಚಿದೆ.

ಇಲ್ಲಿ ಒಂದು ವಿಷಯ ಹೇಳಬೇಕು. ಮಗ್ಗದವರಿಗೆ ಕೀರಲು ಶಬ್ದ ಕೇಳಿದರೆ ಕೈ ತಾನಾಗಿ ಎಣ್ಣೆ ಡಬ್ಬಿಗೆ ಹೋಗುತ್ತದೆ. ಉದ್ದ ಮೂತಿಯ ಡಬ್ಬಿ, ತಳ ಒತ್ತಿದರೆ ಟಕ್ ಎಂದು ಎಣ್ಣೆ ಬಿಡುತ್ತದೆ. ಮಗ್ಗದಲ್ಲಿ ತಿರುಗುವ ಕಡೆಯೆಲ್ಲ ಒಂದೊಂದು ತೂತು ಇರುತ್ತದೆ, ಎಣ್ಣೆ ಬಿಡುವುದಕ್ಕೆಂದೇ. ತೂತು ಕಂಡರೆ ಅದು ಎಣ್ಣೆಗೆ ಎಂಬುದು ನಮ್ಮ ಪಾಠ. ಇನ್ನೊಂದು ಪಾಠವೂ ಇದೆ. ಎಳೆ ಹರಿದಾಗ ಮಗ್ಗವನ್ನು ತಟ್ಟನೆ ನಿಲ್ಲಿಸಲು ಅದಕ್ಕೂ ಒಂದು ಬ್ರೇಕಿದೆ, ಅದಕ್ಕೆ ಮಾತ್ರ ಎಣ್ಣೆ ತಾಗಬಾರದು. ಕೆಲಸಕ್ಕೆ ಬಂದವರಿಗೆಲ್ಲ ಇದನ್ನು ಹೇಳಿಕೊಟ್ಟವಳು ನಾನೇ.

ಕಂಬಕ್ಕೆ ಗುದ್ದುವುದಕ್ಕೆ ಒಂದು ವಾರ ಮುಂಚೆ ಅಣ್ಣನ ಕಾರು ನಿಲ್ಲುವಾಗೆಲ್ಲ ಕೀಂ ಎನ್ನುತ್ತಿತ್ತು. ಯಜಮಾನರ ಕುದುರೆ ಬಂತು ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರು. ಅಣ್ಣನಿಗೆ ಅವಮಾನವಾಗುತ್ತಿತ್ತು, ಅದು ನನಗೆ ಗೊತ್ತಾಗುತ್ತಿತ್ತು. ಒಂದು ಮಧ್ಯಾಹ್ನ ಅವನು ಮಲಗಿದ್ದಾಗ ಎಡಗಡೆಯ ಚಕ್ರದ ನಡುವಿನ ಬಟ್ಟಲಿನಂಥ ಮುಚ್ಚಳ ತೆಗೆದು ನೋಡಿದೆ. ಒಳಗೆ ಕಬ್ಬಿಣದಲ್ಲಿ ಒಂದು ತೂತು. ಅಚ್ಚು ಉಜ್ಜುತ್ತಿದೆ, ಇದು ಎಣ್ಣೆ ತೂತು ಎಂದು ನನ್ನ ಬುದ್ಧಿ ಹೇಳಿತು. ದಿನಕ್ಕೆ ನಾಲ್ಕು ಒತ್ತಿನಂತೆ ಮೂರು ದಿನ ಬಿಟ್ಟೆ. ಶಬ್ದ ನಿಂತಿತು. "ತಾನಾಗೇ ನಿಂತೋಯ್ತು ಕಣಮ್ಮ," ಎಂದು ಅಣ್ಣ ಖುಷಿಯಾಗಿ ಹೇಳಿದಾಗ ನಾನು ಒಳಗೊಳಗೇ ನಕ್ಕೆ. ಹೇಳಿದರೆ ಕಾರಿಗೆ ಕೈ ಹಚ್ಚಿದೆ ಎಂದು ಬೈಯುತ್ತಾನಲ್ಲ ಎಂದು ಸುಮ್ಮನಿದ್ದೆ. ಇದನ್ನೆಲ್ಲ ಮರೆತಿದ್ದೆ ಎಂದರೆ ಸುಳ್ಳು. ಮರೆತಿರಲಿಲ್ಲ, ನಾನು ಮಾಡಿದ ಒಳ್ಳೆಯ ಕೆಲಸಗಳ ಪಟ್ಟಿಯಲ್ಲಿ ಅದೂ ಒಂದಾಗಿತ್ತು.

ಡ್ರಮ್ಮು ಪಕ್ಕದಲ್ಲೇ ಇತ್ತು. ಎತ್ತಿ ಅದೇ ತೂತಿನ ಮೂಲಕ ನೋಡಿದೆ.

"ಈ ತೂತು ಯಾತಕ್ಕೆ ಮೇಸ್ತ್ರೀ?"

"ಲೈನಿಂಗ್ ಸವೆದಾಗ ಶೂ ಬಿಗಿ ಮಾಡೋಕೆ. ಅಲ್ಲಿಂದ ಸ್ಕ್ರೂ ಡ್ರೈವರ್ ತೂರಿಸ್ತಾರೆ." ಮೇಸ್ತ್ರಿ ನನ್ನ ಮುಖ ನೋಡಿದರು, ಆಮೇಲೆ ಶೆಡ್ಡಿನ ಕಡೆ ನೋಡಿದರು. ಮೂವತ್ತು ವರ್ಷ ಡಿಪೋದಲ್ಲಿದ್ದವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ದನಿ ತಗ್ಗಿಸಿ, "ಸಿಲಿಂಡರ್ ಸೋರಿತ್ತು ಅಂದ್ಬಿಡಿ ಅಕ್ಕ. ಯಜಮಾನ್ರು ನಂಬ್ತಾರೆ. ಮನೇಲಿ ನೆಮ್ಮದಿ ಮುಖ್ಯ," ಎಂದರು.

ಆ ಮಾತು ನನಗೆ ಹಿತವಾಗಿಯೇ ಕೇಳಿತು, ಸುಳ್ಳು ಯಾಕೆ ಹೇಳಲಿ. ಸಿಲಿಂಡರ್ ಸೋರಿತ್ತು ಎಂದರೆ ಅಣ್ಣನ ಮೇಲಿನ ಅಪವಾದವೂ ಹೋಗುತ್ತದೆ, ನನ್ನ ಮರ್ಯಾದೆಯೂ ಉಳಿಯುತ್ತದೆ. ಯಾರಿಗೂ ನಷ್ಟವಿಲ್ಲ. ಡ್ರಮ್ಮನ್ನು ಪೆಟ್ರೋಲಿನಲ್ಲಿ ತೊಳೆದು, ಉಪ್ಪುಕಾಗದದಲ್ಲಿ ಉಜ್ಜಿ, ಮತ್ತೆ ತೊಳೆದೆ. ಹೊಸ ಶೂ ಮುಟ್ಟುವ ಮುಂಚೆ ಸೋಪು ಹಾಕಿ ಎರಡು ಸಲ ಕೈ ತೊಳೆದುಕೊಂಡೆ. ಕುಣಿಯಲಾರದವಳ ಗಾದೆ ತಲೆಯಲ್ಲಿ ತಿರುಗುತ್ತಲೇ ಇತ್ತು. ಅವತ್ತು ನೆಲ ನಿಜಕ್ಕೂ ಡೊಂಕಾಗಿತ್ತು. ಡೊಂಕು ಮಾಡಿದವಳು ನಾನು, ಗಾದೆ ಹೇಳಿದವಳೂ ನಾನು.

ಹಿಂದಿನ ಎರಡು ಚಕ್ರಗಳನ್ನು ಮಾರನೆಯ ದಿನ ಮುಗಿಸಿದೆವು. ಉಳಿದದ್ದು ಹಳೆಯ ಬ್ರೇಕ್ ಆಯಿಲ್ ತೆಗೆದು ಹೊಸದು ತುಂಬುವುದು. ಅದಕ್ಕೆ ಮೂವರು ಬೇಕು. ಮೇಸ್ತ್ರಿ ಆಯಿಲ್ ಹುಯ್ಯುತ್ತಿರಬೇಕು, ನಾನು ಚಕ್ರದ ಹತ್ತಿರ ಕೂತು ತಿರುಪು ಸಡಿಲ ಮಾಡಿ ಗಾಳಿ ಬಿಡಬೇಕು, ಇನ್ನೊಬ್ಬರು ಸೀಟಿನಲ್ಲಿ ಕೂತು ಪೆಡಲ್ ಒತ್ತಬೇಕು. ಅತ್ತಿಗೆ ಒಲ್ಲೆ ಎಂದರು.

"ಅಣ್ಣಾ, ಬಂದು ಒಸಿ ಕೂತ್ಕೋ," ಎಂದು ಕರೆದೆ.

ಬಂದ. ಹದಿನಾಲ್ಕು ತಿಂಗಳ ಮೇಲೆ ಆ ಬಾಗಿಲು ತೆಗೆದು, ಪಂಚೆ ಮೇಲೆತ್ತಿ ಕಟ್ಟಿ, ಸೀಟಿನಲ್ಲಿ ಕೂತ. ಸ್ಟೇರಿಂಗ್ ಮುಟ್ಟಲಿಲ್ಲ, ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡ.

ನಾನು ಒತ್ತು ಎಂದರೆ ಒತ್ತಿದ, ಬಿಡು ಎಂದರೆ ಬಿಟ್ಟ. ಕೊಳವೆಯಲ್ಲಿ ಮೊದಲು ಕಾಫಿ ಬಣ್ಣದ ಆಯಿಲ್ ಬಂತು, ಗುಳ್ಳೆಗಳು ಬಂದವು, ಆಮೇಲೆ ತಿಳಿಯಾಯಿತು. ಕೊನೆಗೆ ಎಡಗಡೆಯ ಮುಂದಿನ ಚಕ್ರವನ್ನು ಹಾಕಿ, ನೆಲಕ್ಕೆ ಇಳಿಸದೆ, "ಒತ್ತಿ ಹಿಡ್ಕೊಂಡಿರು," ಎಂದೆ. ಎರಡು ಕೈಯಲ್ಲೂ ಚಕ್ರ ಹಿಡಿದು ತಿರುಗಿಸಲು ನೋಡಿದೆ. ಅಲುಗಲಿಲ್ಲ. ಭುಜ ಕೊಟ್ಟು ನೋಡಿದೆ. ಮನಸ್ಸಿನಲ್ಲೇ ಮೂವತ್ತರ ತನಕ ಎಣಿಸಿದೆ. ಕಾಲು ಒಂದಿಷ್ಟು ನಡುಗಿದ್ದರೂ ನನ್ನ ಕೈಗೆ ಗೊತ್ತಾಗುತ್ತಿತ್ತು. ಕಂಬದ ಹಾಗೆ ನಿಂತಿತ್ತು ಅದು. ಆ ಕಾಲನ್ನು ನಾನು ಬೀದಿಯ ಎದುರು ನಗೆಪಾಟಲು ಮಾಡಿದ್ದೆ.

"ಅಣ್ಣಾ," ಎಂದೆ. ಕೂತಲ್ಲಿಂದ ಅವನ ಮುಖ ಕಾಣುತ್ತಿರಲಿಲ್ಲ, ಅದರಿಂದ ಸಲೀಸಾಯಿತು. "ಅವತ್ತು ಈ ಚಕ್ರ ಹಿಡೀಲಿಲ್ಲ. ಅದಕ್ಕೇ ಬಲಕ್ಕೆ ಎಳೀತು. ನೀನು ಹೇಳಿದ್ದು ನಿಜ. ಕೀಂ ಅಂತಿತ್ತಲ್ಲ, ಅದಕ್ಕೆ ನಾನೇ ಮಗ್ಗದ ಎಣ್ಣೆ ಬಿಟ್ಟಿದ್ದೆ, ನಿಂಗೆ ಹೇಳ್ದೆ. ತಪ್ಪಾಯ್ತು ನಂದು."

ಮೇಸ್ತ್ರಿ ಆಯಿಲ್ ಡಬ್ಬಿಯ ಮುಚ್ಚಳ ತಿರುಗಿಸುತ್ತಲೇ ಇದ್ದರು. ಚಕ್ರ ನನ್ನ ಕೈಯಲ್ಲಿ ಹಾಗೇ ಬಿಗಿಯಾಗಿತ್ತು. ಎಷ್ಟು ಹೊತ್ತು ಎಂದು ಈ ಸಲ ಎಣಿಸಲಿಲ್ಲ. ಆಮೇಲೆ ಮೆಲ್ಲಗೆ, ತೀರಾ ಮೆಲ್ಲಗೆ, ಬಿಗಿ ಸಡಿಲಿತು. ಚಕ್ರ ತಾನಾಗಿ ಒಂದು ಗೇಣು ತಿರುಗಿತು. ಅವನು ಕಾಲು ತೆಗೆದಿದ್ದ.

"ಎಷ್ಟು ದಿನ ಬಿಟ್ಟೆ?"

"ಮೂರು ದಿನ."

"ಅದಕ್ಕೇ ಶಬ್ದ ನಿಂತಿದ್ದು," ಎಂದ. "ನಾನು ಒತ್ತಿದ್ದೆ ಅಂತ ನಂಗೆ ಗೊತ್ತಿತ್ತು. ಎಲ್ಲಾರೂ ಇಲ್ಲ ಅಂದ್ರಿ. ಆಮೇಲಾಮೇಲೆ ನಂಗೇ ಅನುಮಾನ ಬಂತು. ದಿನಾ ಬೆಳಿಗ್ಗೆ ಎದ್ದು ಜಗುಲಿ ಕಂಬಕ್ಕೆ ಒತ್ತಿ ನೋಡ್ತಿದ್ದೆ ಕಣಮ್ಮ, ಕಾಲು ನನ್ನ ಮಾತು ಕೇಳ್ತದಾ ಇಲ್ವಾ ಅಂತ," ಎಂದ.

ನಾನು ಚಕ್ರಕ್ಕೆ ಹಣೆ ಕೊಟ್ಟು ಅತ್ತೆ. ನನಗೆ ಅಳು ಸುಲಭವಾಗಿ ಬರುವುದಿಲ್ಲ, ಗಂಡ ಹೋದಾಗಲೂ ಮೂರನೆಯ ದಿನ ಬಂದಿತ್ತು. ಅಣ್ಣ ಬೈದಿದ್ದರೆ ಅಳುತ್ತಿರಲಿಲ್ಲ. ಬೈಗುಳಕ್ಕೆ ಉತ್ತರ ಕೊಡುವುದು ನನಗೆ ಗೊತ್ತು.

ಸೊಂಟದ ಗೊಂಚಲಿನಿಂದ ಕಾರಿನ ಕೀಲಿ ಬಿಡಿಸಲು ಹೋದರೆ ಕೈಯೆಲ್ಲ ಎಣ್ಣೆ, ಗೊಂಚಲಿನ ಬಳೆ ತೆರೆಯಲಿಲ್ಲ. ಇಡೀ ಗೊಂಚಲನ್ನೇ ಕಿಟಕಿಯೊಳಗೆ ಚಾಚಿದೆ. ಅವನು ತನ್ನದೊಂದನ್ನು ಬಿಡಿಸಿಕೊಂಡು ಉಳಿದದ್ದನ್ನು ವಾಪಸು ಕೊಟ್ಟ.

"ಹೋಟ್ಲವರಿಗೆ ಬರ್ಬೇಡಿ ಅಂತ ಫೋನ್ ಮಾಡು," ಎಂದ.

ಮಾರನೆಯ ಬೆಳಿಗ್ಗೆ ಪರೀಕ್ಷೆ. ಮೇಸ್ತ್ರಿ ತಮಾಷೆಗೆ ಎಂಬಂತೆ, "ಕಟ್ಟಿದೋರು ಗೇಟ್ ಹತ್ರ ನಿಲ್ಬೇಕಲ್ಲ ಅಕ್ಕ," ಎಂದರು. ನಾನು ಆಗಲೇ ಹೊರಟಿದ್ದೆ. ಓರೆಯಾದ ಆ ಬಲಗಡೆಯ ಕಂಬದ ಮುಂದೆ, ಹುಡುಗಿ ಬೆಕ್ಕಿಗೆ ಹಾಲು ಹಾಕುತ್ತಿದ್ದ ಜಾಗದಲ್ಲೇ, ಹೋಗಿ ನಿಂತೆ. ಇಬ್ಬರಿಗೂ ತಲೆ ಕೆಟ್ಟಿದೆ ಎಂದು ಅತ್ತಿಗೆ ಜಗುಲಿಯಿಂದ ಕೂಗಿದರು. ಎದುರುಮನೆಯವರು, ಪಕ್ಕದವರು, ಅವತ್ತು ನಕ್ಕವರು, ಎಲ್ಲರೂ ಬಾಗಿಲಿಗೆ ಬಂದಿದ್ದರು. ಅವರಿಗೆಲ್ಲ ಕೇಳುವ ಹಾಗೆ, ಅವತ್ತು ಬ್ರೇಕ್ ಕೆಡಿಸಿದ್ದು ನಾನು, ಅಣ್ಣನ ತಪ್ಪು ಒಂದು ಕಾಳಿನಷ್ಟೂ ಇಲ್ಲ ಎಂದು ಹೇಳಿದೆ. ಗಾದೆಯನ್ನು ಎಲ್ಲರ ಮುಂದೆ ಹೇಳಿದವಳು ಇದನ್ನೂ ಎಲ್ಲರ ಮುಂದೆಯೇ ಹೇಳಬೇಕಿತ್ತು.

ಅಣ್ಣ ಬೀದಿಯ ಮೇಲ್ತುದಿಗೆ ಹೋಗಿ ಕಾರು ತಿರುಗಿಸಿದ. ಇಳಿಜಾರಿನಲ್ಲಿ ಬರತೊಡಗಿದ. ಓಡುವ ವೇಗವೇನಲ್ಲ, ಆದರೂ ಕೆನೆ ಬಣ್ಣದ ಆ ದೊಡ್ಡ ಮೂತಿ ಹತ್ತಿರವಾದಂತೆ ಬೆನ್ನನ್ನು ಕಂಬಕ್ಕೆ ಒತ್ತಿಕೊಂಡೆ. ಹೊಸ ಶೂಗಳ ಮೇಲೆ ನನಗೆ ನಂಬಿಕೆಯಿತ್ತು. ನಾನು ಬಿಗಿದ ನಟ್ಟುಗಳ ಮೇಲೆಯೂ ಇತ್ತು. ಅಣ್ಣನ ಕಾಲಿನ ಬಗ್ಗೆ ಯೋಚಿಸಲೇ ಇಲ್ಲ, ಅದು ಆಮೇಲೆ ಹೊಳೆಯಿತು. ಕಾರು ನೆಟ್ಟಗೆ ಬಂತು, ಅತ್ತ ಇತ್ತ ವಾಲದೆ, ನನ್ನಿಂದ ಎರಡು ಮೊಳ ದೂರದಲ್ಲಿ ಸದ್ದಿಲ್ಲದೆ ನಿಂತಿತು.

ಅಣ್ಣ ಗಾಜು ಇಳಿಸಿ ತಲೆ ಹೊರಗೆ ಹಾಕಿದ. ಹಣೆಯ ಮೇಲೆ ಬೆವರಿತ್ತು.

"ಹೆದರ್ಕೊಂಡ್ಯಾ?"

"ಇಲ್ಲ."

"ನಾನು ಹೆದ್ರಿದ್ದೆ ಕಣಮ್ಮ," ಎಂದ. ಆಮೇಲೆ ಗೇರು ಹಾಕಿ ಹಿಂದಕ್ಕೆ ತಿರುಗಿ ನೋಡುತ್ತಾ ಕೇಳಿದ, "ಇನ್ನೊಂದ್ ಸಲ ನಿಂತ್ಕೋತೀಯಾ?"

ನಿಂತೆ.